ಬಲಗಡೆ ಹೆಗಲು

ಏನ್ರೀ,

ನೀವು ಹೋದ ಮ್ಯಾಲೆ ನನಗ ನಿದ್ದಿ ಇಲ್ಲ ಅಂತ ಮಗಳು ಗಂಗಾಂಬಿಕಾ ಇವತ್ತು ನನ್ನ ಹೊಸಪೇಟೆಯ ಯೋಗ ಕ್ಲಾಸಿಗೆ ಕರಕೊಂಡು ಹೋಗಿದ್ಲು.

"ಮೈ ಮ್ಯಾಲೆ ಗ್ಯಾನ ಇಟ್ಟು ಸಾವಕಾಶ ನಡೀರಿ" ಅಂದ್ರು ಟೀಚರು. ಉಳಿದವರಿಗೆಲ್ಲ ಅವಸರ. ನಾನೊಬ್ಬಾಕಿ ಒಂದು ಹೆಜ್ಜಿ ಇಟ್ಟು, ನಿಂತು, ಆಮ್ಯಾಲೆ ಇನ್ನೊಂದು ಇಟ್ಟೆ.

"ಅಮ್ಮಾರ, ಭಾಳ ಚಂದ. ಎಲ್ಲಿ ಕಲ್ತ್ರಿ?"

ನಿಮಗ ಲಕ್ವಾ ಹೊಡೆದ ಮ್ಯಾಲೆ ದಿನಾ ಕಂಪ್ಲಿ ಕಾಲುವಿ ದಂಡಿಗೆ ನಿಮ್ಮನ್ನ ನಡೆಸಿಕೊಂಡು ಹೋಗತಿದ್ದೆನಲ್ಲ, ಅಲ್ಲೇ ಕಲ್ತದ್ದು.

"ಆದ್ರ ಬಲಗಡೆ ಹೆಗಲು ಯಾಕ ಇಷ್ಟು ಬಿಗಿ ಹಿಡಿದೀರಿ? ಸಡ್ಲ ಬಿಡ್ರಿ" ಅಂದ್ರು.

ನೀವು ಕೈ ಊರತಿದ್ದ ಹೆಗಲು ಅದು. ಬಿಟ್ಟೆ.

ಬಿಟ್ಟ ಕೂಡ್ಲೆ, ನೀವೆಲ್ಲಿ ಬಿದ್ದುಬಿಟ್ರೋ ಅಂತ ಗಾಬರಿಯಾಗಿ ತಿರುಗಿ ನೋಡಿದೆ.