ಊಟಕ್ಕೆ ಮುಂಚಿನ ಕೂಗು

ಮಾರ್ಚ್ 3

ಮಗಳೇ,

ನಾವು ಕ್ಷೇಮ. ನೀನೂ ಹಾಗೇ ಇರುವೆ ಎಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು. ಸೋತು ಬರೆಯುತ್ತಿದ್ದೇನೆ ಎಂದು ತಿಳಿಯಬೇಡ. ನಿಮ್ಮಪ್ಪನ ಸಲುವಾಗಿ ಬರೆಯುತ್ತಿದ್ದೇನೆ.

ಅವರ ಬಲಗೈ ಸ್ವಾಧೀನ ತಪ್ಪಿದೆ. ಕೂದಲೆಳೆಯಂಥ ಸ್ಪ್ರಿಂಗು ಕೂರಿಸುತ್ತಿದ್ದ ಕೈ ಈಗ ಚಮಚ ಹಿಡಿಯುವುದಿಲ್ಲ. ಗಡಿಯಾರದ ಅಂಗಡಿ ಮುಚ್ಚಿದೆವು. ಮಂಚವನ್ನು ಬೀದಿಯ ಕಿಟಕಿಗೆ ಎಳೆಸಿಕೊಂಡು ಬೆಳಗಿನಿಂದ ನಿನ್ನ ಕಾಗದಕ್ಕೆ ಕಾಯುತ್ತಾರೆ. ಊಟಕ್ಕೆ ಕರೆದರೆ, "ಇರೇ, ಟಪಾಲು ಇನ್ನೂ ಮುಗಿದಿಲ್ಲ" ಅನ್ನುತ್ತಾರೆ. ಕೊನೆಗೆ ಅಂಚೆಯವನನ್ನು ತಡೆದು ಕೇಳಿದೆ, "ಏನಪ್ಪಾ, ನಿನ್ನ ಬಟವಾಡೆ ದಿನಾ ಎಷ್ಟು ಹೊತ್ತಿಗೆ ಮುಗಿಯುತ್ತೆ?"

"ಸಾಮಾನ್ಯವಾಗಿ ಐದಕ್ಕೆ, ಅಮ್ಮಾ. ಚೀಲ ಭಾರ ಇದ್ರೆ ಆರೂ ಆಗುತ್ತೆ, ಏಳೂ ಆಗುತ್ತೆ."

ಅದು ಅವರ ಕಿವಿಗೂ ಬಿತ್ತು. ಅಂದಿನಿಂದ ಏಳರವರೆಗೂ ತುತ್ತು ಮುಟ್ಟಲೊಲ್ಲರು. ಅದಕ್ಕೇ ಒಂದು ಏರ್ಪಾಡು ಮಾಡಿದೆ: ನಮ್ಮ ಬೀದಿ ಮುಗಿಸಿ ಹೋಗುವಾಗ ಅಂಚೆಯವನು, "ಇವತ್ತು ಇಲ್ಲ, ಯಜಮಾನ್ರೇ!" ಎಂದು ಕೂಗಬೇಕು. ಅವನು ಕೂಗಿದ ಮೇಲೆ ಇವರು ಉಣ್ಣುತ್ತಾರೆ. "ಊಟದ ಗಂಟೆ ಹೊಡೆಯೋಕೆ ಸರ್ಕಾರಿ ಆಳನ್ನೇ ಇಟ್ಕೊಂಡಿದೀಯಲ್ಲೇ" ಎಂದು ನನ್ನನ್ನೇ ಹಂಗಿಸುತ್ತಾರೆ. ಎರಡು ತುತ್ತಿಗೆ ಸಾಕೆನ್ನುತ್ತಾರೆ.

ನಿನ್ನ ಜಗಳ ನನ್ನೊಂದಿಗೆ. ಇರಲಿ. ಬಾಗಿಲು ಬಡಿದು ಹೋದವಳನ್ನು ನಾನು ಕರೆಯುವುದಿಲ್ಲ. ನನಗೆ ಒಂದಕ್ಷರವೂ ಬೇಡ. ಅವರ ಹೆಸರಿಗೆ ಒಂದು ಕಾರ್ಡು ಹಾಕು. ಬೈದಾದರೂ ಬರೆ.

ನಿನಗೆ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ಅಮ್ಮ

ಮತ್ತೆ, ಮಾರ್ಚ್ 19:

ಮೇಲಿನದನ್ನು ಬರೆದಿಟ್ಟು ಅಂಚೆಗೆ ಹಾಕುವಷ್ಟರಲ್ಲಿ ಅವರಿಗೆ ಕಾಯಿಲೆ ಜೋರಾಯಿತು. ಹೋದ ವಾರ ಒಂದು ಸಂಜೆ, "ಟಪಾಲು ಮುಗೀತೇನೇ?" ಎಂದರು. ಅಂಚೆಯವನು ಆಗಲೇ ಕೂಗಿ ಹೋಗಿದ್ದ, ಅವರಿಗೆ ಎಚ್ಚರವಿರಲಿಲ್ಲ. "ಇನ್ನೂ ಇಲ್ಲ" ಎಂದೆ. ಅಷ್ಟರಲ್ಲಿ ಗೋಡೆಯ ಗಡಿಯಾರ ಏಳು ಹೊಡೆಯಿತು. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದ ಮನುಷ್ಯ ನನ್ನ ಮುಖ ನೋಡಿ, "ಅದು ಮುಂದಿದೆ ಬಿಡು" ಎಂದರು. ಬೆಳಗಾಗುವ ಮೊದಲೇ ಹೋದರು.

ನಿನ್ನೆ ಅಂಚೆಯವನು ಮೆಟ್ಟಿಲ ಬಳಿ ನಿಂತು, "ಇನ್ನು ಕೂಗೋದು ಬೇಡ ಅಲ್ವಾಮ್ಮಾ?" ಎಂದ.

"ಕೂಗು" ಎಂದೆ.

ಇವತ್ತು ಐದಕ್ಕೆ ಸರಿಯಾಗಿ, "ಇವತ್ತು ಇಲ್ಲಮ್ಮಾ!" ಎಂದು ಕೂಗಿ ಹೋದ. ಈಗ ಏಳು ಹೊಡೆಯಿತು. ನಾನಿನ್ನೂ ಉಂಡಿಲ್ಲ.