ಟಿವಿಯ ಸಪ್ಪಳದ ವಿಷಯ

ಕೊಂಢವಾ, ಪುಣೆ

ಕನ್ನಡ ಸಂಘದ ಕಾರ್ಯದರ್ಶಿ ಮಾರ್ತಾಂಡ ದೇಸಾಯಿಯವರಿಗೆ, ನಿಮ್ಮ ಮೇಲಿನ ಮನೆಯ ಬಸವಂತ ಹಂಚಿನಮನಿಯ ನಮಸ್ಕಾರ.

ನಿನ್ನೆ ನೀವು ನನ್ನ ಕಿವಿಯ ಹತ್ತಿರ ಬಂದು, "ಕಾಕಾ, ನೌಕಾಪಡೆ ದಿನಕ್ಕ ನಿಮಗ ಸನ್ಮಾನ ಅದ. ಯುದ್ಧನೌಕೆ ಮ್ಯಾಲೆ ಸಮುದ್ರದ ಸಪ್ಪಳ ಹೆಂಗಿರತಿತ್ತು, ಭಾಷಣದಾಗ ಹೇಳ್ರಿ" ಎಂದು ಕೂಗಿದಿರಿ. ಹೋದ ವಾರ ನನ್ನ ಟಿವಿಯ ಸದ್ದಿನ ಮೇಲೆ ಸೊಸೈಟಿಗೆ ದೂರು ಕೊಟ್ಟವರೂ ನೀವೇ. ಎರಡಕ್ಕೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ.

ಹಡಗಿನಲ್ಲಿ ನನ್ನ ಕೆಲಸವಿದ್ದದ್ದು ಕೆಳಗೆ, ಎಂಜಿನ್ ರೂಮಿನಲ್ಲಿ. ಅಲ್ಲಿ ಮಾತೆಲ್ಲ ಕೈಸನ್ನೆಯಲ್ಲೇ. ಪಾಳಿ ಮುಗಿಸಿ ಮಲಗಿದರೂ ಕಿವಿಯೊಳಗೆ ಎಂಜಿನ್ ಓಡುತ್ತಿತ್ತು. ನಿವೃತ್ತನಾಗಿ ಇಷ್ಟು ವರ್ಷವಾದರೂ ಅದು ನಿಂತಿಲ್ಲ. ಟಿವಿ ಅದನ್ನು ಮೀರಿ ಕೂಗಬೇಕಾಗುತ್ತದೆ.

ಇರಲಿ. ನಿನ್ನೆಯಿಂದ ಧ್ವನಿ ಪೂರ್ತಿ ತೆಗೆದು ಬರೀ ಚಿತ್ರ ನೋಡುತ್ತಿದ್ದೇನೆ. ನೀವು ಆರಾಮ ನಿದ್ದೆ ಮಾಡಿರಿ.

ಆಮಂತ್ರಣ ಪತ್ರಿಕೆಯಿಂದ ನನ್ನ ಹೆಸರು ತೆಗೆಯಿರಿ. ಶಾಲು ತಂದಿದ್ದರೆ ಅಂಗಡಿಗೆ ಮರಳಿಸಿರಿ. ಸಮುದ್ರದ ಸಪ್ಪಳದ ಬಗ್ಗೆ ಭಾಷಣ ಬೇಕಿದ್ದರೆ, ರಜೆಗೆ ಗೋವಾಕ್ಕೆ ಹೋಗಿ ಬಂದ ಯಾರನ್ನಾದರೂ ಕರೆಯಿರಿ. ಹಡಗಿನಲ್ಲಿದ್ದಷ್ಟು ವರ್ಷವೂ ನನಗದು ಕೇಳಿಸಲೇ ಇಲ್ಲ.

ಇತಿ,
ಬ. ಹಂಚಿನಮನಿ