ಅಳತೆ ಕೊಟ್ಟ ಮೇಲೆ

ನನ್ನ ಕುಮಟೆಯ ಚಿಕ್ಕಿಗೆ,

ನಿನ್ನ ಅಕ್ಕನ ಮಗಳು ನಾಗವೇಣಿ ಹೊನ್ನಾವರದಿಂದ ಬರೆಯುತ್ತಿದ್ದೇನೆ. ಮಾತಾಡಿದರೆ ಬಾಯಿ ಉರಿಯುತ್ತದೆ. ಬದುಕಿರುವವರಿಗೆಲ್ಲ ಬಾಯಿಂದಲೇ ಉತ್ತರ ಬೇಕು. ನಿನಗೆ ಹಾಗಿಲ್ಲವಲ್ಲ, ಅದಕ್ಕೇ ನಿನ್ನ ಹತ್ತಿರ ಬಂದೆ. ಇವತ್ತು ಭಾನುವಾರ. ಮಧ್ಯಾಹ್ನದ ರೈಲಿಗೆ ಮಂಗಳೂರಿಗೆ ಹೊರಡಬೇಕು. ಬೆಳಿಗ್ಗೆ ಚೀಲ ತುಂಬಿದವಳು ನಾನೇ, ಸ್ವಲ್ಪ ಹೊತ್ತು ಬಿಟ್ಟು ಅದರೊಳಗಿನ ಸೀರೆಗಳನ್ನು ತೆಗೆದು ಮತ್ತೆ ಕಪಾಟಿಗೆ ಇಟ್ಟವಳೂ ನಾನೇ. ಇವರು ನೋಡಿದರು. ಸೀರೆಗಳನ್ನು ಮತ್ತೆ ಚೀಲಕ್ಕೆ ಹಾಕಿ, ಆಟೋ ತೊಳೆಯುವ ನೆಪದಲ್ಲಿ ಅಂಗಳಕ್ಕೆ ಹೋದರು. ತೊಳೆದದ್ದನ್ನೇ ತೊಳೆಯುತ್ತಿದ್ದಾರೆ. ನಾನು ಹೋಗುವುದಿಲ್ಲ ಎಂದು ಅವರಿಗೆ ಗೊತ್ತಾಗಿದೆಯೇ? ನನಗೇ ಇನ್ನೂ ಸರಿಯಾಗಿ ಗೊತ್ತಿಲ್ಲ.

ಕುಮಟೆಯಲ್ಲಿ ನಿನ್ನ ಅಂಗಡಿಗೆ ಹೊಲಿಗೆ ಕಲಿಯಲು ಬಂದ ಮೊದಲ ದಿನ ನಾನು ನಿನ್ನ ಕತ್ತರಿ ನೋಡಲಿಲ್ಲ, ಮಿಷನ್ನು ನೋಡಲಿಲ್ಲ, ಬಾಯಿ ನೋಡಿದೆ. ಒಂದು ಕೆನ್ನೆಯಲ್ಲಿ ಕವಳ, ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ, ಅದರ ಸಂದಿಯಿಂದಲೇ ಗಿರಾಕಿಗೆ ಬೈಗುಳ. ಒಂದು ಸೂಜಿಯೂ ಕೆಳಗೆ ಬೀಳುತ್ತಿರಲಿಲ್ಲ. ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ತುಟಿಯಲ್ಲಿ ಚೂಪು ಮಾಡಿ ನೀನು ಸೂಜಿಯ ಕಣ್ಣಿಗೆ ತೂರಿಸುತ್ತಿದ್ದೆ. "ಟೇಲರಿಗೆ ಕೈ ಎರಡಲ್ಲ ನಾಗೂ, ಬಾಯಿ ಸೇರಿ ಮೂರು" ಅಂದಿದ್ದೆ. ಕೆಲಸದ ನಡುವೆ ಹಸಿವಾದರೆ ತಡೆಯುತ್ತದೆ ಎಂದು ನನ್ನ ಕೈಗೂ ಒಂದು ಕವಳ ಕೊಟ್ಟೆ. ವೀಳ್ಯದೆಲೆ, ಸುಣ್ಣ, ಅಡಿಕೆ, ಚೂರು ಹೊಗೆಸೊಪ್ಪು. ಯಾರ ಮನೆಗೆ ಹೋದರೂ ನೀರಿನ ಜೊತೆ ಕವಳದ ಬಟ್ಟಲು ಮುಂದಿಡುವ ಊರಿನಲ್ಲಿ ಅದೊಂದು ದೊಡ್ಡ ಸಂಗತಿಯೇ?

ನಿನಗೆ ಗಾಯವಾದದ್ದು ಎಡಗೆನ್ನೆಯ ಒಳಗೆ, ಕವಳ ಇಡುತ್ತಿದ್ದ ಜಾಗದಲ್ಲಿ. ನನಗೆ ಬಲಗೆನ್ನೆ. ಮಳೆಗಾಲದ ಕೊನೆಗೆ ಬಿಳಿ ಕಲೆಯೊಂದು ಕೈಗೆ ಒರಟಾಗಿ ಸಿಕ್ಕಿತು. ಈ ಸಲ ಯಾರೂ ತಡ ಮಾಡಲಿಲ್ಲ, ನೀನು ಹೋದ ದಾರಿಯನ್ನು ಎಲ್ಲರೂ ನೋಡಿದ್ದರಲ್ಲ. ಆಪರೇಷನ್ ಮಾಡಿ ಕ್ಯಾನ್ಸರಿನ ಗಂಟು ತೆಗೆದರು. ಈಗ ಕರೆಂಟು, ಡಾಕ್ಟರ ಬಾಯಲ್ಲಿ ರೇಡಿಯೇಷನ್, ಕೊಡುತ್ತಿದ್ದಾರೆ. ಸೋಮವಾರದಿಂದ ಶುಕ್ರವಾರದವರೆಗೆ ಇವರೂ ನಾನೂ ಆಸ್ಪತ್ರೆಯ ಹತ್ತಿರದ ಬಾಡಿಗೆ ಕೋಣೆಯಲ್ಲಿ, ಯಂತ್ರಕ್ಕೆ ರಜೆ ಇರುವ ಎರಡು ದಿನ ಮನೆಯಲ್ಲಿ. ನಿನ್ನ ಮೇಲೆ ಸಿಟ್ಟು ಇದೆಯಾ ಅಂತ ಕೇಳುತ್ತೀಯಾ? ಇದೆ. ಆದರೆ ಸಿಟ್ಟು ಬಂದಾಗಲೆಲ್ಲ ನಿನಗೇ ಹೇಳಬೇಕು ಅನಿಸುತ್ತದೆ, ಇದಕ್ಕೆ ಏನು ಮಾಡಲಿ...

ಯಂತ್ರದ ಕೋಣೆಗೆ ಮೊದಲ ಸಲ ಹೋದಾಗ ನನಗೆ ನಿನ್ನ ನೆನಪೇ ಬಂತು. ಬಿಸಿನೀರಲ್ಲಿ ಮೆತ್ತಗಾದ ಬಲೆಯಂಥ ಹಾಳೆಯೊಂದನ್ನು ಮುಖದ ಮೇಲೆ ಎಳೆದು ಒತ್ತಿದರು. ಆರಿದ ಮೇಲೆ ಅದು ನನ್ನದೇ ಮೂಗು, ನನ್ನದೇ ಗಲ್ಲ. ಟೇಪು ಇಲ್ಲ, ಸೀಮೆಸುಣ್ಣದ ಗುರುತಿಲ್ಲ, ಒಂದು ಹೊಲಿಗೆ ಇಲ್ಲ. ಆದರೂ ಎಂಥ ಫಿಟ್ಟಿಂಗು! ದಿನಾ ಅದನ್ನು ಮುಖಕ್ಕೆ ಹಾಕಿ ಮೇಜಿಗೆ ಬಿಗಿಯುತ್ತಾರೆ, ಮುಖ ಕೂದಲೆಳೆಯಷ್ಟೂ ಅಲುಗಬಾರದು. ಒಳಗೆ ಏನೂ ನೋಯುವುದಿಲ್ಲ. ಇಷ್ಟೇ ತಾನೇ ಅಂದುಕೊಂಡಿದ್ದೆ.

ಇಷ್ಟೇ ಅಲ್ಲ ಎಂದು ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು. ಮೊದಲು ರುಚಿ ಹೋಯಿತು. ಬಂಗಡೆ ಸಾರಿಗೆ ತುಕ್ಕು ಹಿಡಿದ ಮೊಳೆಯ ರುಚಿ, ಹಾಲಿಗೆ ಒದ್ದೆ ಕಾಗದದ ರುಚಿ. ಆಮೇಲೆ ಎಂಜಲು ಅಂಟಾಯಿತು, ಬರಬರುತ್ತ ಇಲ್ಲವೇ ಇಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಬಿಡಿಸಿದರೆ ಚರ್ಮವೇ ಕಿತ್ತು ಬಂದ ಹಾಗೆ. ಆಮೇಲೆ ಹುಣ್ಣು. ಕೆನ್ನೆ, ನಾಲಿಗೆಯ ಅಂಚು, ಗಂಟಲು. ಒಂದು ಗುಟುಕು ನೀರು ನುಂಗುವುದನ್ನೂ ಮೊದಲು ಯೋಚಿಸಿ ಮಾಡಬೇಕು. ಹೋದ ಶನಿವಾರ ಇವರ ಅಂಗಿಯ ಗುಂಡಿ ಹಾಕೋಣ ಎಂದು ದಾರದ ತುದಿ ಬಾಯಿಗಿಟ್ಟೆ. ಒಣಗಿದ ದಾರ ಒಣಗಿದ ಹಾಗೆಯೇ ಹೊರಗೆ ಬಂತು. ಮೂರನೆಯ ಕೈ ಹೋಗಿತ್ತು ಚಿಕ್ಕಿ. ಅವತ್ತು ಅಳು ಬಂತು.

ಆಸ್ಪತ್ರೆಯ ಬೆಂಚಿನಲ್ಲಿ ನನಗೆ ಜೊತೆ ಭಟ್ಕಳದ ಖತೀಜಮ್ಮ. ನಿನ್ನ ವಯಸ್ಸಿನವರು, ಅವರಿಗೆ ನಾಲಿಗೆಯಲ್ಲಿ. ನಮ್ಮ ಹಾಗೆಯೇ ವಾರಕ್ಕೊಮ್ಮೆ ಮನೆಗೆ ಹೋಗಿಬರುತ್ತಾರೆ. ಜೊತೆಗೆ ಬರುವ ಸೊಸೆಯನ್ನು ತೋರಿಸಿ ಮೊದಲ ದಿನವೇ ಹೇಳಿದರು, "ನೋಡು, ನಾ ಬಾಯಿ ಮುಚ್ಚಿದ್ದು ಇವಳು ನಮ್ಮ ಮನೆಗೆ ಬಂದ ಮೇಲೆ ಇದೇ ಫಸ್ಟು. ಇವಳು ಎಷ್ಟು ಖುಷಿಯಲ್ಲಿದ್ದಾಳೆ!"

ಸೊಸೆಯೂ ಬಿಡಲಿಲ್ಲ. "ಎಲ್ಲಿ ಮುಚ್ಚಿದ್ರಿ ಮಾಮಿ? ಈಗ ಕೈಸನ್ನೆಯಲ್ಲಿ ಬೈತಾ ಇದ್ದೀರಿ."

ಊಟಕ್ಕೆ ಮೊದಲು ಬಾಯಿ ಮರಗಟ್ಟಿಸುವ ಔಷಧಿ ಕೊಟ್ಟಿದ್ದಾರೆ. ಅದನ್ನು ಬಾಯಲ್ಲಿ ಆಡಿಸಿ, ಅದು ಹಿಡಿದಿರುವಷ್ಟರಲ್ಲೇ ಉಣ್ಣಬೇಕು ಎಂದು ನನಗೆ ಅಭ್ಯಾಸ ಮಾಡಿಸಿದವರು ಖತೀಜಮ್ಮನೇ. "ಬಸ್ಸು ಸ್ಟ್ಯಾಂಡಲ್ಲಿ ನಿಂತಿರ್ತದಲ್ಲ, ಅಷ್ಟ್ರಲ್ಲಿ ಚಾ ಕುಡೀಬೇಕು. ಹಾಗೆ ತಿಳ್ಕೋ."

ನಮ್ಮ ಯಜಮಾನರನ್ನು ನೀನು ಈಗ ನೋಡಬೇಕಿತ್ತು. ಒಂದು ಲೋಟ ಚಹಾ ಮಾಡಲು ಬಾರದಿದ್ದ ಮನುಷ್ಯ ನರ್ಸಮ್ಮನ ಹತ್ತಿರ ಎಲ್ಲ ಕೇಳಿ ಕಲಿತಿದ್ದಾರೆ. ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಅಡಿಗೆ ಸೋಡಾ ಹಾಕಿ ಹೊತ್ತುಹೊತ್ತಿಗೆ ಬಾಯಿ ಮುಕ್ಕಳಿಸಲು ಕೊಡುತ್ತಾರೆ. ಮಕ್ಕಳ ಹಲ್ಲುಜ್ಜುವ ಮೆತ್ತನೆ ಬ್ರಷ್ಷು ತಂದರು, ಹಿಡಿಕೆಯಲ್ಲಿ ಆನೆಮರಿ ಇದೆ. ಅಂಬಲಿಯನ್ನು ನಿನ್ನ ಹಳೆಯ ತೆಳು ವಾಯಿಲ್ ಬಟ್ಟೆಯ ತುಂಡಿನಲ್ಲಿ ಸೋಸುತ್ತಾರೆ. ದವಡೆ ಬಿಗಿಯಬಾರದೆಂದು ದಿನಾ ಬಾಯಿ ಅಗಲಿಸಬೇಕಲ್ಲ, ಅದಕ್ಕೆ ನನ್ನ ಟೇಪನ್ನೇ ಹಿಡಿದು ಎದುರಿಗೆ ಕೂರುತ್ತಾರೆ. "ಆ ಅನ್ನು. ಇನ್ನೂ. ನಿನ್ನೆಗಿಂತ ಒಂದು ಗೆರೆ ಕಡಿಮೆ ಉಂಟು, ಮೋಸ ಮಾಡ್ಬೇಡ." ಇಷ್ಟು ವರ್ಷ ಊರಿನವರ ಅಳತೆ ತೆಗೆದವಳ ಬಾಯಿಯ ಅಳತೆ ತೆಗೆಯುವ ಯೋಗ ಅವರಿಗೆ.

ಆದರೆ ಮೊನ್ನೆ ಶುಕ್ರವಾರ ಯಂತ್ರದ ಹುಡುಗಿ ಆ ಬಲೆಯ ಮುಖವನ್ನು ಬಿಗಿದು, ಗಲ್ಲದ ಹತ್ತಿರ ಬೆರಳು ತೂರಿಸಿ ನೋಡಿದಳು. ಬೆರಳು ಒಳಗೆ ಹೋಯಿತು. "ಅಮ್ಮ, ಸಡಿಲ ಆಗ್ತಾ ಇದೆ. ನೀವು ಊಟ ಬಿಟ್ಟಿದ್ದೀರಿ. ಇನ್ನೂ ಇಳಿದ್ರೆ ಇದನ್ನು ಹೊಸದಾಗಿ ಮಾಡ್ಬೇಕು, ನಡುವೆ ಕರೆಂಟು ನಿಲ್ತದೆ. ಹಾಗೆ ನಿಲ್ಲಬಾರದು." ಡಾಕ್ಟರು ಮೂಗಿನಿಂದ ನಳಿಕೆ ಹಾಕುವ ಮಾತಾಡಿದರು. ನಾನು ತಲೆಯಾಡಿಸಿ ಬಂದೆ. ರೈಲಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತವಳ ಮನಸ್ಸಿನಲ್ಲಿ ಇದ್ದದ್ದು ಒಂದೇ. ಸಾಕು. ಗಂಟು ಹೇಗೂ ತೆಗೆದಾಗಿದೆ, ಇನ್ನು ಈ ಬೆಂಕಿ ಯಾಕೆ? ಖತೀಜಮ್ಮ ನನ್ನ ಮುಖ ನೋಡಿ ಏನನ್ನು ಓದಿದರೋ. ಭಟ್ಕಳದಲ್ಲಿ ಇಳಿಯುವಾಗ ನನ್ನ ಕೈ ಹಿಡಿದು ಹೇಳಿದರು. "ಭಾನುವಾರ ನಾ ಪ್ಲಾಟ್‌ಫಾರ್ಮಲ್ಲಿ ನಿಂತು ಕಿಟಕಿ ಕಿಟಕಿ ನೋಡ್ತೇನೆ. ನೀ ಕಾಣ್ಲಿಲ್ಲ ಅಂದ್ರೆ ನಾನೂ ಹತ್ತೂದಿಲ್ಲ. ನೆನಪಿರ್ಲಿ."

ಹೀಗೂ ಹೆದರಿಸುವುದುಂಟೇ?

ಇಷ್ಟು ಬರೆಯುವಾಗ ಪಕ್ಕದ ಮನೆಯ ಮಾದೇವಿಯಕ್ಕ ಬಂದಳು. ಸೆರಗಿನಡಿಯಲ್ಲಿ ಒಂದು ಲೋಟ. ಕೆಂಪು ಬಣ್ಣ ಕಂಡೊಡನೆ ಗೊತ್ತಾಯಿತು, ಮುರುಗಲು ಹಣ್ಣಿನ ನೀರು. "ಕರೆಂಟು ಅಂದ್ರೆ ಉಷ್ಣ ಅಲ್ದನೆ? ಮೈಯೆಲ್ಲ ಕಾದಿರ್ತದೆ. ಇದು ತಂಪು. ಒಂದು ಗುಟುಕು ಕುಡಿ ಮಾರಾಯ್ತಿ, ನಾನೇ ಹಿಂಡಿ ತಂದದ್ದು." ಪ್ರೀತಿಯಿಂದ ತಂದವಳಿಗೆ ಬೇಡ ಅನ್ನಲು ಬಾಯಿ ತೆರೆಯಬೇಕು. ಅದಕ್ಕಿಂತ ಗುಟುಕೇ ಸುಲಭ ಅನಿಸಿತು. ಕುಡಿದೆ. ಚಿಕ್ಕಿ, ಕಣ್ಣು ಕತ್ತಲೆ ಬಂತು. ಹಸಿ ಗಾಯಕ್ಕೆ ಹುಳಿ ಸುರಿದರೆ ಏನಾಗಬೇಕೋ ಅದೇ. ಲೋಟ ಕೈಜಾರಿ ಬಿತ್ತು. ಇವರು ಅಂಗಳದಿಂದ ಓಡಿ ಬಂದು, ನೆಲದ ಮೇಲಿನ ಕೆಂಪು ನೋಡಿ ರಕ್ತವೆಂದೇ ಕೂಗಿಬಿಟ್ಟರು.

"ಎಂತ ಆತು? ಎಂತ ಆತು?"

"ಮುರುಗಲು ಮಾರಾಯ್ರೆ, ಮುರುಗಲು! ನಾ ಎಂತ ವಿಷ ಕೊಟ್ನಾ?" ಮಾದೇವಿಯಕ್ಕನಿಗೆ ಅಳುವೇ ಬಂತು.

ಇವರು ಸೋಡಾ ನೀರು ತಂದರು. ಮುಕ್ಕಳಿಸಿದೆ, ಮತ್ತೆ ಮುಕ್ಕಳಿಸಿದೆ. ಉರಿ ಇಳಿಯುತ್ತಿದ್ದಾಗ ನಿನ್ನ ಆ ದಿನಗಳು ಎದುರಿಗೆ ಬಂದವು. ಕುಮಟೆಯ ನಿನ್ನ ಮನೆ. ನೀನು ಅರ್ಧ ಕರೆಂಟು ಮುಗಿಸಿ ಬಂದು ಮಲಗಿದ್ದೆ. ಉಷ್ಣ ಇಳಿಯಲಿ ಎಂದು ಬಂದವರೆಲ್ಲ ಕೊಟ್ಟದ್ದು ಇದನ್ನೇ. ಬೆಳಿಗ್ಗೆ ಮುರುಗಲು ನೀರು, ಮಧ್ಯಾಹ್ನ ಮುರುಗಲು ಸಾರು. ನಮ್ಮ ಕಡೆ ಯಾವ ಉರಿಗೂ ಇದೇ ಮದ್ದಲ್ಲವೇ? ನೀನು ಕುಡಿದೆ, ಚೀರಿದೆ, ಮತ್ತೂ ಕುಡಿದೆ, ತಂಪು ಎಂದು ನಂಬಿ. ಕೊನೆಗೆ ಗೋಡೆಗೆ ಮುಖ ಮಾಡಿ, "ಆ ಕರೆಂಟು ನನ್ನ ಬಾಯಿ ಸುಟ್ಟು ಹಾಕ್ತು. ಇನ್ನು ಹೋಗೂದಿಲ್ಲ" ಅಂದೆ. ಹೋಗಲೇ ಇಲ್ಲ. ಊರೆಲ್ಲ ಹೇಳಿತು, ಅವಳು ಹೆದರಿದಳು ಎಂದು. ನಿನ್ನ ಅಕ್ಕನೂ ಹೇಳಿದಳು. ನರ್ಸಮ್ಮ ನನಗೆ ಮೊದಲ ದಿನವೇ ಹುಳಿ, ಖಾರ, ತೀರಾ ಬಿಸಿ ಬೇಡ ಅಂದಿದ್ದರು. ನಿನಗೆ ಯಾರಾದರೂ ಅಂದಿದ್ದರೋ, ಅಂದದ್ದು ಮನೆಯವರ ಕಿವಿಗೆ ಬಿದ್ದಿತ್ತೋ... ಕರೆಂಟಿನ ಉರಿಯ ಮೇಲೆ ನಾವು ದಿನಾ ಹುಳಿ ಹೊಯ್ದಿದ್ದೆವು. ಅಷ್ಟನ್ನು ತಡೆದುಕೊಂಡವಳನ್ನು ಹೆದರಿದಳು ಅಂದೆವಲ್ಲ!

ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಮತ್ತೆ ಬಂದು ಕೂತೆ. ಮತ್ತೆ ಎದ್ದೆ. ಯಂತ್ರದ ಹುಡುಗಿಯ ಬೆರಳು ಗಲ್ಲದ ಹತ್ತಿರ ಹಾಗೆಯೇ ಇದ್ದಂತೆ ಅನಿಸುತ್ತಿತ್ತು. ಸಡಿಲ, ಸಡಿಲ. ಈ ಮಾತನ್ನು ನಾನು ಎಲ್ಲಿ ಕೇಳಿದ್ದೆ?

ಕರ್ಕಿಯ ಆ ಮದುಮಗಳು ನಿನಗೆ ನೆನಪಿದ್ದಾಳಾ? ರವಿಕೆಗೆ ಅಳತೆ ಕೊಟ್ಟು ಹೋದವಳು ತೆಳ್ಳಗೆ ಕಾಣಬೇಕೆಂದು ಮನೆಯಲ್ಲಿ ಉಪವಾಸ ಬಿದ್ದಳು. ತೊಟ್ಟು ನೋಡಲು ಬಂದಾಗ ಹೆಗಲೆಲ್ಲ ಜೋಲು. ನೀನು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವಳ ಅಮ್ಮನ ಎದುರಿಗೆ ಗದರಿದೆ. "ಅಳತೆ ಕೊಟ್ಟ ಮೇಲೆ ಮೈ ನಿಂದಲ್ಲ, ನಂದು! ಮದುವೆ ಆಗೂತನಕ ಒಂದು ತುತ್ತು ಕಡಿಮೆ ತಿಂದ್ರೆ ನೋಡು!" ಆ ಹುಡುಗಿ ಅಳುತ್ತ ನಗುತ್ತಿದ್ದಳು.

ನಾನೂ ಅಳತೆ ಕೊಟ್ಟು ಬಂದವಳಲ್ಲವೇ ಚಿಕ್ಕಿ?

ಅಡುಗೆಮನೆಗೆ ಹೋದೆ. ಮರಗಟ್ಟಿಸುವ ಔಷಧಿ ಬಾಯಲ್ಲಿ ಆಡಿಸಿದೆ. ಆರಿದ ಅಂಬಲಿಗೆ ತೆಂಗಿನಹಾಲು ಬೆರೆಸಿ, ಚಮಚದ ತುದಿಯಲ್ಲಿ ಒಂದೊಂದೇ ಗುಟುಕು. ರುಚಿ ಇರಲಿಲ್ಲ. ರುಚಿಗೆ ತಿಂದದ್ದೂ ಅಲ್ಲ. ಗಲ್ಲಕ್ಕೆ, ಕೆನ್ನೆಗೆ, ಆ ಬಲೆ ನನ್ನ ಮುಖಕ್ಕೆ ಸರಿಯಾಗಿ ಕೂರಲಿ ಎಂದು ತಿಂದೆ. ನಡುವೆ ಕಣ್ಣೀರು ಇಳಿಯಿತು, ಬಟ್ಟಲು ಕೆಳಗಿಡಲಿಲ್ಲ. ಮಾದೇವಿಯಕ್ಕ ಹೊಸ್ತಿಲಲ್ಲಿ ಕೂತು ನಾನು ನುಂಗಿದಾಗಲೆಲ್ಲ ತಾನೂ ನುಂಗುತ್ತಿದ್ದಳು.

ಇವರು ಒಳಗೆ ಇಣುಕಿದರು. "ಹೋಗೂದಾ?"

ಬಟ್ಟಲು ಖಾಲಿಯಾಗಿದ್ದನ್ನು ತೋರಿಸಿದೆ. "ಆತು" ಎಂದು ಚೀಲ ಎತ್ತಿಕೊಂಡರು. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ, ಆಟೋ ಶುರು ಮಾಡಿಯಾಯಿತು.

*

ಆಮೇಲೆ ಎಂದದ್ದು ಇಷ್ಟು ತಡವಾಯಿತು. ಈಗ ಮತ್ತೆ ಮಳೆ ಹಿಡಿದಿದೆ.

ಆ ದಿನ ಭಟ್ಕಳದ ಪ್ಲಾಟ್‌ಫಾರ್ಮಿನಲ್ಲಿ ಖತೀಜಮ್ಮ ನಿಜವಾಗಿಯೂ ಕಿಟಕಿ ಕಿಟಕಿ ನೋಡುತ್ತ ಬಂದರು. ನನ್ನನ್ನು ಕಂಡು ಎರಡೂ ಕೈ ಎತ್ತಿದರು. ಆಮೇಲೆ ಒಪ್ಪಿಕೊಂಡರು, "ನೀ ಇಲ್ದಿದ್ರೆ ವಾಪಸ್ ಹೋಗ್ಬಹುದು ಅಂತ ನನಗೂ ಆಸೆ ಇತ್ತು." ಇಬ್ಬರೂ ಮುಗಿಸಿದೆವು. ಮುಗಿದ ಮೇಲೂ ಕೆಲವು ವಾರ ಉರಿ ಹೆಚ್ಚಿತು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಮೊನ್ನೆ ಫೋನಿನಲ್ಲಿ, "ಸೊಸೆ ಪಾಪ ಬೇಜಾರಲ್ಲಿದ್ದಾಳೆ, ನಾ ಮಾತು ಶುರು ಮಾಡಿದ್ದೇನೆ" ಎಂದು ನಕ್ಕರು. ಡಾಕ್ಟರು ಆಗಾಗ ಬಂದು ತೋರಿಸಿಹೋಗಿ ಅಂದಿದ್ದಾರೆ. ಹೋಗುವ ಹಿಂದಿನ ದಿನವೆಲ್ಲ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಅದು ಇನ್ನು ಹೀಗೆಯೇ ಇರುತ್ತದೋ ಏನೋ.

ಈ ವರ್ಷ ನಿನ್ನ ತಿಥಿಗೆ ಕುಮಟೆಗೆ ಹೋಗಿದ್ದೆ. ಪ್ರತಿ ವರ್ಷದ ಹಾಗೆ ನಿನ್ನ ಎಡೆಯ ಬಾಳೆಲೆಯ ತುದಿಗೆ ಅಮ್ಮ ಕವಳ ಇಟ್ಟಳು, ಹೊಗೆಸೊಪ್ಪು ಸಮೇತ. ನಾನು ಅದನ್ನು ತೆಗೆದು, ತೆಂಗಿನಹಾಲು ಹಾಕಿದ ಅಂಬಲಿಯ ಬಟ್ಟಲು ಇಟ್ಟೆ. "ಇದೆಂತನೆ? ಕವಳ ಇಲ್ದೆ ಅವಳು ಒಂದು ತಾಸು ಇರ್ತಿತ್ತಾ?" ಅಂದಳು ಅಮ್ಮ. ಮುರುಗಲಿನ ಕತೆಯನ್ನು ಎಲ್ಲರ ಎದುರು ಹೇಳಿದೆ. ನಾನು ಅಷ್ಟು ಹೊತ್ತು ಮಾತಾಡಿದ್ದನ್ನು ಅವರು ಅದಕ್ಕೆ ಮೊದಲು ಕೇಳಿರಲೇ ಇಲ್ಲ. ಕೊನೆಗೆ, "ಚಿಕ್ಕಿ ಹೆದರಿದ್ದಲ್ಲ" ಅಂದೆ. ಅಮ್ಮ ಆ ಕವಳವನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಎದ್ದು ಹೋಗಿ ತೆಂಗಿನ ಬುಡಕ್ಕೆ ಎಸೆದು ಬಂದಳು.

ಇನ್ನೊಂದು ಸುದ್ದಿ ಉಳಿದಿದೆ. ಗುಂಡುಸೂಜಿಯನ್ನು ಈಗ ಮಣಿಕಟ್ಟಿಗೆ ಕಟ್ಟಿದ ಮೆತ್ತೆಗೆ ಚುಚ್ಚಿಕೊಳ್ಳುತ್ತೇನೆ. ಮಿಷನ್ನಿನ ಪಕ್ಕದಲ್ಲಿ ನೀರಿನ ಬಾಟಲಿ, ದಾರ ಅದ್ದಲು ಒಂದು ಚಿಪ್ಪು ನೀರು. ಇವತ್ತು ಬೆಳಿಗ್ಗೆ ಗಿರಾಕಿಯ ಜೊತೆ ಮಾತಾಡುತ್ತ ಚಿಪ್ಪನ್ನು ಮರೆತು, ಹಳೆಯ ಅಭ್ಯಾಸಕ್ಕೆ ದಾರದ ತುದಿ ಬಾಯಿಗಿಟ್ಟೆ. ತೆಗೆದು ನೋಡಿದರೆ ತುದಿ ಚೂಪಾಗಿತ್ತು.

ಒದ್ದೆ, ಚಿಕ್ಕಿ. ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ಹೋಯಿತು.